ಹಳೇ ಆಸ್ಬೆಸ್ಟಾಸ್ ಶೀಟು ಬಿಚ್ಚಿಸಬೇಕು, ಎಷ್ಟು ಹೆದರಬೇಕು?

ಹಳೇಸೂರು:

ಮನೆ ಹಿಂದಿನ ಶೆಡ್ಡಿಗೆ ಆಸ್ಬೆಸ್ಟಾಸ್ ಶೀಟು ಹೊದಿಸಿದ್ದಾರೆ. ನಾನು ಹುಟ್ಟುವ ಮೊದಲೇ ಹಾಕಿಸಿದ್ದು. ಮೇಲೆಲ್ಲ ಪಾಚಿ ಕಟ್ಟಿ ಕಪ್ಪಾಗಿದೆ, ಎರಡು ಕಡೆ ಬಿರುಕು ಬಿಟ್ಟಿದೆ, ಒಂದು ಮೂಲೆ ಮುರಿದು ಬಿದ್ದಿದೆ. ಈ ವಾರ ಇಬ್ಬರು ಹುಡುಗರನ್ನು ಕರೆಸಿ ಸುತ್ತಿಗೆಯಿಂದ ಒಡೆದು ಕೆಳಗೆ ಹಾಕಿಸೋಣ ಅಂದುಕೊಂಡಿದ್ದೆ. ಚೂರುಗಳನ್ನು ಅಂಗಳದ ತಗ್ಗಿಗೆ ತುಂಬಿ ಮೇಲೆ ಮಣ್ಣು ಎಳೆದರೆ ನೆಲವೂ ಸಮ ಆಗುತ್ತೆ ಅನ್ನೋದು ನನ್ನ ಲೆಕ್ಕ. ನಿನ್ನೆ ನೆಂಟರೊಬ್ಬರು ನೋಡಿ "ಅದನ್ನು ಮುಟ್ಟಲೇಬೇಡ, ಕ್ಯಾನ್ಸರ್ ಬರುತ್ತೆ" ಅಂದರು. ಪಕ್ಕದಲ್ಲೇ ಇದ್ದ ಇನ್ನೊಬ್ಬರು "ಸುಮ್ನೆ ಹೆದರಿಸಬೇಡಿ" ಅಂದರು. ನನಗೆ ನಾಲ್ಕು ವರ್ಷದ ಮಗಳಿದ್ದಾಳೆ, ಆಡೋದೇ ಆ ಶೆಡ್ಡಿನ ಪಕ್ಕ. ಗೊತ್ತಿದ್ದವರು ಸರಿಯಾಗಿ ಹೇಳಿ.

ಸೈಟ್ ಮೇಸ್ತ್ರಿ:

ಮೊದಲು ಆ ಸುತ್ತಿಗೆ ಕೆಳಗಿಡಿ. ಉಳಿದದ್ದು ಆಮೇಲೆ.

ನಾನು 22 ವರ್ಷ ಸೂರಿನ ಕೆಲಸ ಮಾಡಿದವನು. ಈ ಶೀಟು ಅಂದರೆ ಸಿಮೆಂಟಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸಿ ಮಾಡಿದ್ದು. ನಾರಿನ ಪಾಲು ಸಾಮಾನ್ಯವಾಗಿ ನೂರಕ್ಕೆ 10ರಿಂದ 15 ಇರುತ್ತೆ, ಮಿಕ್ಕಿದ್ದು ಸಿಮೆಂಟು. ಶೀಟು ಇಡಿಯಾಗಿ ಇರುವಾಗ ನಾರು ಸಿಮೆಂಟಿನೊಳಗೆ ಕಚ್ಚಿಕೊಂಡಿರುತ್ತೆ, ಗಾಳಿಗೆ ಬರೋದು ತೀರಾ ಕಡಿಮೆ. ಒಡೆದಾಗ, ಕೊಯ್ದಾಗ, ತೂತು ಕೊರೆದಾಗ, ಉಜ್ಜಿದಾಗ ಬಿಟ್ಟುಕೊಳ್ಳುತ್ತೆ. ಅಂದರೆ ನೀವು ಈ ವಾರ ಮಾಡಬೇಕು ಅಂದುಕೊಂಡ ಕೆಲಸವೇ ಅದು.

ಮುರಿದು ಬಿದ್ದಿರುವ ಆ ಮೂಲೆಯನ್ನು ಮುಟ್ಟದೆ ಹತ್ತಿರದಿಂದ ನೋಡಿ. ಅಂಚಿನಲ್ಲಿ ಗೋಣಿಚೀಲ ಹರಿದ ಹಾಗೆ ಸಣ್ಣ ಎಳೆಗಳು ಚಾಚಿಕೊಂಡಿರಬಹುದು. ಕಣ್ಣಿಗೆ ಕಾಣುವ ಆ ಎಳೆ ಒಂದೇ ನಾರಲ್ಲ, ಒಂದು ಕಂತೆ. ಅದು ಅಡ್ಡಕ್ಕೆ ತುಂಡಾಗೋದಕ್ಕಿಂತ ಉದ್ದಕ್ಕೆ ಸೀಳುತ್ತಾ ಹೋಗುತ್ತೆ, ಸೀಳಿದಷ್ಟೂ ಸಣ್ಣದಾಗುತ್ತೆ. ಎದೆಗೆ ಇಳಿಯುವ ಎಳೆ ಕಣ್ಣಿಗೆ ಕಾಣುವುದೇ ಇಲ್ಲ.

ನಾವು ಆ ಕಾಲದಲ್ಲಿ ಗ್ರೈಂಡರ್ ಹಿಡಿದು ಒಣಗಿದ ಶೀಟನ್ನೇ ಕೊಯ್ಯುತ್ತಿದ್ದೆವು. ಸಂಜೆ ಹೊತ್ತಿಗೆ ರೆಪ್ಪೆಯ ಮೇಲೆ, ಕಿವಿಯೊಳಗೆ ಎಲ್ಲ ಬೂದಿ ಬಣ್ಣ. ಮೂಗಿಗೆ ಒಂದು ಕರವಸ್ತ್ರ ಕಟ್ಟಿಕೊಂಡರೆ ಸಾಕು ಅಂದುಕೊಂಡಿದ್ದೆವು. ಕೆಲಸ ಕೊಟ್ಟವರಲ್ಲಿ ಒಬ್ಬರೂ ಬೇರೆ ಮಾತು ಹೇಳಲಿಲ್ಲ. ಐದು ವರ್ಷದ ಹಿಂದೆ ಬೇರೆ ಯಾವುದಕ್ಕೋ ಎದೆಯ ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದ ಹೊರಪೊರೆಯಲ್ಲಿ ಅಲ್ಲಲ್ಲಿ ಗಟ್ಟಿ ಕಲೆಗಳು ಕಂಡವು. ಇದು ಕ್ಯಾನ್ಸರ್ ಅಲ್ಲ, ಆದರೆ ನಾರು ಒಳಗೆ ಹೋಗಿದೆ ಅನ್ನೋದಕ್ಕೆ ಗುರುತು ಅಂದರು ಡಾಕ್ಟರು. ಅವತ್ತಿನಿಂದ ಯಾರಾದರೂ ಈ ಶೀಟು ಒಡೆಯುವ ಸದ್ದು ಕೇಳಿದರೂ ಹೋಗಿ ನಿಲ್ಲಿಸುತ್ತೇನೆ.

ನಲವತ್ತು ವರ್ಷ:

ನಾನು 40 ವರ್ಷ ಇದೇ ಶೀಟಿನ ಕೆಳಗೆ ಮಲಗಿ ಎದ್ದಿದ್ದೇನೆ. ಅಪ್ಪ ಅಮ್ಮನೂ ಅಷ್ಟೇ. ಒಬ್ಬರಿಗೂ ಏನೂ ಆಗಿಲ್ಲ. ಬಿಸಿಲು ಮಳೆಗೆ ಬಗ್ಗದ, ಗೆದ್ದಲು ಹಿಡಿಯದ, ಬೆಂಕಿ ಹತ್ತದ ಇಷ್ಟು ಅಗ್ಗದ ವಸ್ತು ಬೇರೆ ಯಾವುದಿದೆ ಹೇಳಿ. ಬಡವರ ತಲೆ ಮೇಲಿನ ಸೂರನ್ನು ಕೆಟ್ಟದ್ದು ಅಂತ ಹೇಳೋದು ಸುಲಭ. ಬದಲಿಗೆ ಏನು ಹಾಕಿಸಬೇಕು ಅಂತ ಹೇಳೋರು ಕಡಿಮೆ.

ಬೆಳಗಿನ ಪಾಳಿ:

ಶ್ವಾಸಕೋಶದ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ನಲವತ್ತು ವರ್ಷ ಸರ್, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಗಟ್ಟಿ ಶೀಟಿನ ಕೆಳಗೆ ಸುಮ್ಮನೆ ವಾಸ ಮಾಡುವವರಿಗೆ ಅಪಾಯ ಕಡಿಮೆ ಅನ್ನೋದು ನಿಜ. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಅದರ ಮೇಲೆ ಕೈ ಆಡಿಸಿದವರು. ಕಾರ್ಖಾನೆಯಲ್ಲಿ ಚೀಲ ಸುರಿದವರು, ಬಾಯ್ಲರ್ ಪೈಪಿಗೆ ಹೊದಿಕೆ ಸುತ್ತಿದವರು, ಹಳೇ ಕಟ್ಟಡ ಕೆಡವಿದವರು, ಹಡಗು ಒಡೆದವರು.

ಆದರೆ "ಏನೂ ಆಗಿಲ್ಲ" ಅನ್ನುವ ಮಾತನ್ನು ಈ ವಿಷಯದಲ್ಲಿ ಬೇಗ ಹೇಳುವ ಹಾಗಿಲ್ಲ. ಸಾಮಾನ್ಯ ಧೂಳನ್ನು ಮೂಗಿನ ಕೂದಲು, ಗಂಟಲಿನ ಲೋಳೆ ಹಿಡಿದು ಆಚೆ ಹಾಕುತ್ತವೆ. ಈ ಎಳೆ ಎಷ್ಟು ತೆಳು ಅಂದರೆ ಗಾಳಿಯ ಜೊತೆ ಶ್ವಾಸಕೋಶದ ತಳದ ಪುಟ್ಟ ಚೀಲಗಳವರೆಗೂ ಹೋಗುತ್ತೆ. ಅಲ್ಲಿ ಕಸ ನುಂಗಿ ಕರಗಿಸುವ ಜೀವಕಣಗಳಿವೆ. ಎಳೆ ಆ ಕಣಕ್ಕಿಂತ ಉದ್ದ ಇದ್ದರೆ ನುಂಗಲು ಹೋಗಿ ಅರ್ಧಕ್ಕೇ ಸಿಕ್ಕಿಬೀಳುತ್ತವೆ, ಕರಗಿಸುವುದಕ್ಕೂ ಆಗಲ್ಲ, ಬಿಡುವುದಕ್ಕೂ ಆಗಲ್ಲ. ಆ ಜಾಗ ವರ್ಷಗಟ್ಟಲೆ ಕೆರಳುತ್ತಲೇ ಇರುತ್ತೆ.

ಇದರಿಂದ ಬರುವ ಕಾಯಿಲೆ ಒಂದಲ್ಲ. ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತಾ ಹೋಗುವುದು ಆಸ್ಬೆಸ್ಟೋಸಿಸ್. ಅದಕ್ಕೆ ವಾಸಿ ಮಾಡುವ ಔಷಧಿ ಇಲ್ಲ, ಉಸಿರಿಗೆ ಆಸರೆ ಕೊಡಬಹುದು ಅಷ್ಟೇ. ಇದು ವರ್ಷಗಟ್ಟಲೆ ಜಾಸ್ತಿ ಧೂಳು ಕುಡಿದವರಿಗೆ ಬರುತ್ತೆ. ಶ್ವಾಸಕೋಶದ ಕ್ಯಾನ್ಸರ್ ಇನ್ನೊಂದು. ಗಂಟಲಿನ ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರಿಗೂ ನಂಟಿದೆ. ಎಲ್ಲಕ್ಕಿಂತ ಕೆಟ್ಟದ್ದು ಮೀಸೋಥೀಲಿಯೋಮಾ, ಶ್ವಾಸಕೋಶದ ಅಥವಾ ಹೊಟ್ಟೆಯ ಪೊರೆಗೆ ಬರುವ ಕ್ಯಾನ್ಸರ್. ನಾರು ಒಳಗೆ ಹೋಗಿ ಸಾಮಾನ್ಯವಾಗಿ 20ರಿಂದ 50 ವರ್ಷದ ಮೇಲೆ ಇದು ತಲೆ ಎತ್ತುತ್ತೆ. ಇಪ್ಪತ್ತರ ವಯಸ್ಸಿನಲ್ಲಿ ಮಾಡಿದ ಕೆಲಸಕ್ಕೆ ಅರವತ್ತರಲ್ಲಿ ದಮ್ಮು ಕಟ್ಟಿ ಬರುತ್ತಾರೆ. ಆಗ ಕಾರಣ ಯಾರಿಗೂ ನೆನಪಿರಲ್ಲ.

ಸಿಗರೇಟು ಸೇದುವವರಿಗೆ ಒಂದು ಮಾತು. ಅಮೆರಿಕದಲ್ಲಿ ಈ ಹೊದಿಕೆ ಕೆಲಸದವರನ್ನು ನೋಡಿ 1979ರಲ್ಲಿ ಒಂದು ಲೆಕ್ಕ ಬಂತು. ಎರಡೂ ಇಲ್ಲದವರಿಗೆ ಹೋಲಿಸಿದರೆ ಬರೀ ಕಲ್ನಾರಿನ ಕೆಲಸ ಮಾಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಸುಮಾರು 5 ಪಟ್ಟು, ಬರೀ ಸಿಗರೇಟಿನವರಲ್ಲಿ ಸುಮಾರು 11 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟಿಗೂ ಜಾಸ್ತಿ. ಒಂದಕ್ಕೊಂದು ಕೂಡುವುದಲ್ಲ, ಗುಣಿಸುತ್ತೆ.

ಎರಡನೇ ಮಗಳು:

ಇಲ್ಲಿ ಬರೆಯಬೇಕೋ ಬೇಡವೋ ಅಂತ ತುಂಬಾ ಹೊತ್ತು ಯೋಚಿಸಿದೆ.

ಅಪ್ಪ ಬಿಸಿ ಪೈಪುಗಳಿಗೆ ಹೊದಿಕೆ ಸುತ್ತುವ ಕೆಲಸದಲ್ಲಿದ್ದರು. ಕಾರ್ಖಾನೆಯ ಹೆಸರು ಬೇಡ. ಸಂಜೆ ಅಪ್ಪ ಬಂದ ತಕ್ಷಣ ಅಮ್ಮ ಅವರ ಷರ್ಟನ್ನು ಹಿತ್ತಲ ಬಾಗಿಲಲ್ಲಿ ಎರಡು ಸಲ ಜೋರಾಗಿ ಕೊಡವುತ್ತಿದ್ದಳು. ಬಿಸಿಲು ಓರೆಯಾಗಿ ಬೀಳುವ ಹೊತ್ತು ಅದು. ಧೂಳು ಮಿಣಮಿಣ ಅಂತ ಹೊಳೆಯುತ್ತಾ ನಿಧಾನಕ್ಕೆ ಇಳಿಯುತ್ತಿತ್ತು. ನಾನು ಅದನ್ನು ಹಿಡಿಯಲು ಕೈ ಚಾಚುತ್ತಿದ್ದೆ. ಆಮೇಲೆ ಅಮ್ಮ ಬಟ್ಟೆ ನೆನೆಸುತ್ತಿದ್ದಳು.

ಅಪ್ಪ ವಯಸ್ಸಾಗಿ ಹೃದಯದ ತೊಂದರೆಯಿಂದ ಹೋದರು. ಅಮ್ಮನಿಗೆ 67ರಲ್ಲಿ ಎದೆಯ ಒಂದು ಪಕ್ಕದಲ್ಲಿ ನೀರು ತುಂಬತೊಡಗಿತು. ತೆಗೆದರೆ ಮತ್ತೆ ತುಂಬುತ್ತಿತ್ತು. ಟಿಬಿ ಇರಬಹುದು ಅಂತ ತಿಂಗಳುಗಟ್ಟಲೆ ಔಷಧಿ ಕೊಟ್ಟರು. ಯಾವ ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದವರಿಗೆಲ್ಲ ಅಮ್ಮ "ಮನೆಯಲ್ಲೇ ಇದ್ದೆ" ಅಂದಳು. ಅದು ನಿಜ ಕೂಡ. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು "ನಿಮ್ಮ ಯಜಮಾನರ ಕೆಲಸ ಏನಿತ್ತು? ಅವರ ಬಟ್ಟೆ ಯಾರು ಒಗೆಯುತ್ತಿದ್ದರು?" ಅಂತ ಕೇಳಿದರು. ಅಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ. ಪೊರೆಯ ಚೂರು ತೆಗೆದು ಪರೀಕ್ಷೆ ಮಾಡಿದಾಗ ಮೀಸೋಥೀಲಿಯೋಮಾ. ಹನ್ನೊಂದು ತಿಂಗಳಿಗೆ ಅಮ್ಮ ಹೋದಳು.

ಹಳೇಸೂರು ಅಣ್ಣ, ನಿಮ್ಮ ಮಗಳು ಅಲ್ಲಿ ಆಡುತ್ತಾಳೆ ಅಂತ ಓದಿದಾಗ ನನಗೆ ಆ ಹಿತ್ತಲ ಬಾಗಿಲೇ ಕಣ್ಣ ಮುಂದೆ ಬಂತು. ದಯವಿಟ್ಟು ಒಡೆಸಬೇಡಿ.

ಬೆಳಗಿನ ಪಾಳಿ:

ಅಕ್ಕ, ಓದಿ ಮನಸ್ಸಿಗೆ ತುಂಬಾ ನೋವಾಯಿತು. ನಿಮ್ಮ ಅಮ್ಮನ ಹಾಗೆ ಬಟ್ಟೆ ಒಗೆದವರಿಗೆ ಈ ಕಾಯಿಲೆ ಬಂದದ್ದನ್ನು 1965ರಷ್ಟು ಹಿಂದೆಯೇ ಲಂಡನ್ನಿನ ವೈದ್ಯರು ಬರೆದಿಟ್ಟಿದ್ದಾರೆ. ಕಾರ್ಖಾನೆಯ ಹತ್ತಿರ ವಾಸ ಇದ್ದವರೂ ಆ ಪಟ್ಟಿಯಲ್ಲಿದ್ದರು. ಎದೆಯಲ್ಲಿ ನೀರು ತುಂಬಿದ ವಯಸ್ಸಾದ ಹೆಂಗಸರು ಬಂದಾಗ ಈಗ ನಾನೇ ಮನೆಯವರ ಕೆಲಸ ಕೇಳಿ ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡುತ್ತೇನೆ.

ನಲವತ್ತು ವರ್ಷ:

ಅಮ್ಮನ ವಿಷಯ ಓದಿ ಬೇಸರವಾಯಿತು ತಂಗಿ. ನಾನು ಬರೆದದ್ದು ನಿಮ್ಮ ಮನಸ್ಸಿಗೆ ಚುಚ್ಚಿದ್ದರೆ ಕ್ಷಮಿಸಿ. ಒಂದು ಮಾತ್ರ ಕೇಳಬೇಕು. ಶೀಟಿಗೆ ಬಳಸುವುದು ಬಿಳಿ ಕಲ್ನಾರು, ಅದು ಅಷ್ಟು ಕೆಟ್ಟದ್ದಲ್ಲ, ನೀಲಿ ಮತ್ತು ಕಂದು ಮಾತ್ರ ಅಪಾಯ ಅಂತ ಮಾರುವವರು ಹೇಳುತ್ತಾರಲ್ಲ. ಅದು ಸುಳ್ಳಾ?

ಹಳೇ ಕಡತ:

ಅರ್ಧ ಸತ್ಯ. ಕಲ್ನಾರಲ್ಲಿ ಆರು ಬಗೆ. ಕ್ರೈಸೋಟೈಲ್ ಅಂದರೆ ಬಿಳಿ, ಅದರ ಎಳೆ ಸುರುಳಿ ಸುರುಳಿ. ಅಮೋಸೈಟ್ ಕಂದು, ಕ್ರೋಸಿಡೋಲೈಟ್ ನೀಲಿ, ಇವು ಸೂಜಿಯ ಹಾಗೆ ನೇರ. ಮಿಕ್ಕ ಮೂರು ಕಟ್ಟಡದಲ್ಲಿ ಬೇಕಂತಲೇ ಬಳಸಿದ್ದು ಕಡಿಮೆ. ಮೀಸೋಥೀಲಿಯೋಮಾ ತರುವುದರಲ್ಲಿ ನೀಲಿ, ಕಂದು ಜಾಸ್ತಿ ಕ್ರೂರಿ ಅನ್ನೋದು ಸರಿ. ಆದರೆ ಬಿಳಿಯನ್ನೂ ಸೇರಿಸಿ ಆರೂ ಬಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಹೇಳಿದೆ. "ಇಷ್ಟಕ್ಕಿಂತ ಕಡಿಮೆಯಾದರೆ ಏನೂ ಆಗಲ್ಲ" ಅನ್ನುವ ಗೆರೆ ಯಾವ ಬಗೆಗೂ ಸಿಕ್ಕಿಲ್ಲ.

ನೀವು ಹೇಳಿದ ಗುಣಗಳೂ ನಿಜ. ಬೆಂಕಿಗೆ ಜಗ್ಗಲ್ಲ, ಆಸಿಡ್ಡಿಗೆ ಕರಗಲು ಒಪ್ಪದ ಬಗೆಗಳಿವೆ, ಎಳೆದರೆ ಉಕ್ಕಿನ ತಂತಿಯ ಹಾಗೆ ತಡೆಯುತ್ತೆ, ಬಟ್ಟೆ ನೇಯಬಹುದು. 1901ರಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ ಅದನ್ನು ಸಿಮೆಂಟಿನ ಜೊತೆ ಸೇರಿಸಿ ತೆಳು ಹಾಳೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಲೋಕವೆಲ್ಲ ಹರಡಿತು.

ನನಗೆ ಸಿಟ್ಟು ಬರೋದು ಗೊತ್ತಾದ ಮೇಲೂ ತಡ ಮಾಡಿದ್ದಕ್ಕೆ. 1924ರಲ್ಲಿ ಇಂಗ್ಲೆಂಡಿನಲ್ಲಿ ನೆಲ್ಲಿ ಕರ್ಷಾ ಅನ್ನುವ ಕಾರ್ಮಿಕ ಹೆಣ್ಣುಮಗಳು 33ರ ವಯಸ್ಸಿಗೆ ಸತ್ತಳು. ಕಲ್ನಾರಿನ ನೂಲು ತೆಗೆಯುವ ಕೆಲಸ ಅವಳದು. ಅವಳ ಶ್ವಾಸಕೋಶ ಪರೀಕ್ಷಿಸಿದ ಡಾಕ್ಟರ್ ಕುಕ್ ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1930ರಲ್ಲಿ ಸರ್ಕಾರದ ವರದಿಯೇ ಬಂತು, ಮರುವರ್ಷ ಧೂಳು ತಡೆಯುವ ನಿಯಮ ಬಂತು. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಜೊತೆಯವರು ಮೀಸೋಥೀಲಿಯೋಮಾ ಬಂದ 33 ಜನರ ವಿವರ ಬರೆದರು. ಗಣಿಗೆ ಇಳಿಯದೆ ಬರೀ ಗಣಿ ಸೀಮೆಯಲ್ಲಿ ಬೆಳೆದವರೂ ಅದರಲ್ಲಿದ್ದರು. ಇಷ್ಟೆಲ್ಲ ಆದ ಮೇಲೂ ಬ್ರಿಟನ್ ನೀಲಿ, ಕಂದು ನಿಲ್ಲಿಸಿದ್ದು 1985ರಲ್ಲಿ, ಬಿಳಿಯನ್ನು 1999ರಲ್ಲಿ. ಐಸ್‌ಲ್ಯಾಂಡ್ 1983ರಲ್ಲೇ ನಿಷೇಧಿಸಿತ್ತು. ಐರೋಪ್ಯ ಒಕ್ಕೂಟ 2005, ಕೆನಡಾ 2018. ಅಮೆರಿಕ 1989ರಲ್ಲಿ ಹೊರಡಿಸಿದ ನಿಷೇಧ ಕೋರ್ಟಿನಲ್ಲಿ ಬಿದ್ದುಹೋಗಿ, ಬಿಳಿ ಕಲ್ನಾರಿನ ಮೇಲೆ ಮತ್ತೆ ನಿಷೇಧ ಬಂದದ್ದು 2024ರಲ್ಲಿ. ನೆಲ್ಲಿ ಸತ್ತು ಸರಿಯಾಗಿ ನೂರು ವರ್ಷ. ಇವತ್ತಿಗೂ ಹಲವು ದೇಶಗಳಲ್ಲಿ ಹೊಸ ಶೀಟು ಮಾರಾಟ ಆಗುತ್ತಲೇ ಇದೆ. ಕಲ್ನಾರಿನ ಕೆಲಸದಿಂದ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಲ್ಯಾಬ್ ಕಿಟಕಿ:

ಎಲ್ಲರೂ ಸೂರಿನ ಶೀಟಿನ ಬಗ್ಗೆ ಮಾತಾಡುತ್ತಿದ್ದೀರಿ. ಕಟ್ಟಡದಲ್ಲಿ ಅದಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದ ಜಾಗ ಬೇರೆ ಇವೆ. ಕಲ್ನಾರಿನ ಮಾದರಿ ಪರೀಕ್ಷೆ ಮಾಡೋದೇ ನನ್ನ ಕೆಲಸ, ಅದಕ್ಕೇ ಹೇಳುತ್ತೇನೆ.

ಶೀಟಲ್ಲಿ ನಾರು ಗಟ್ಟಿಯಾಗಿ ಕಚ್ಚಿಕೊಂಡಿರುತ್ತೆ. ಹಳೇ ಬಾಯ್ಲರ್, ಬಿಸಿನೀರಿನ ಪೈಪಿನ ಮೇಲಿನ ಮೆತ್ತನೆ ಹೊದಿಕೆ ಹಾಗಲ್ಲ, ಕೈಯಲ್ಲಿ ಹಿಸುಕಿದರೆ ಪುಡಿ. ಉಕ್ಕಿನ ತೊಲೆಗಳಿಗೆ ಬೆಂಕಿ ತಡೆಯಲು ಸಿಂಪಡಿಸಿದ ಲೇಪ ಅದಕ್ಕಿಂತ ಕಷ್ಟ, ಅದರಲ್ಲಿ ನೂರಕ್ಕೆ 85ರವರೆಗೂ ಕಲ್ನಾರು ಇರಬಹುದು. ಹಳೇ ಕಚೇರಿ, ಶಾಲೆಗಳ ಒಳಸೂರಿನ ಹಲಗೆಗಳಲ್ಲಿ ಸಾಮಾನ್ಯವಾಗಿ ಕಂದು ಬಗೆ ಇರುತ್ತೆ. ಅದು ನೋಡಲು ಸಾದಾ ಹಲಗೆ, ಮೊಳೆ ಹೊಡೆದರೆ ಶೀಟಿಗಿಂತ ತುಂಬಾ ಜಾಸ್ತಿ ಬಿಡುತ್ತೆ. ಹಳೇ ವಿನೈಲ್ ನೆಲಹಾಸಿನ ಬಿಲ್ಲೆ, ಅದರ ಕೆಳಗಿನ ಕಪ್ಪು ಗೋಂದು, ಬಾಗಿಲಿನ ಸುತ್ತ ಬೆಂಕಿ ತಡೆಗೆ ಹಾಕಿದ ಹಗ್ಗ, ಫ್ಯೂಸ್ ಪೆಟ್ಟಿಗೆಯ ಒಳಪದರ, ಎಲ್ಲದರಲ್ಲೂ ಸಿಕ್ಕಿದೆ.

ಕಣ್ಣಲ್ಲಿ ನೋಡಿ ಇದೆ, ಇಲ್ಲ ಅಂತ ಹೇಳಲು ಯಾರಿಂದಲೂ ಆಗಲ್ಲ. ಬಿಳಿ, ನೀಲಿ ಅನ್ನುವ ಬಣ್ಣವೆಲ್ಲ ಹಸಿ ನಾರಿಗೆ, ಸಿಮೆಂಟಿನಲ್ಲಿ ಕಲಸಿದ ಮೇಲೆ ಎಲ್ಲ ಒಂದೇ ಬೂದು. ಉಗುರಿನಷ್ಟು ಚೂರು ಸಾಕು, ಸೂಕ್ಷ್ಮದರ್ಶಕದ ಕೆಳಗೆ ಧ್ರುವೀಕರಿಸಿದ ಬೆಳಕಿನಲ್ಲಿ ಗೊತ್ತಾಗುತ್ತೆ. ಆ ಚೂರನ್ನೂ ತಿಳಿದವರೇ ತೆಗೆಯಲಿ. ಅನುಮಾನ ಇದ್ದರೆ ಇದೆ ಅಂತಲೇ ನಡೆದುಕೊಳ್ಳಿ.

ಇನ್ನೊಂದು. ಈಗ ಬರುವ ನಾರು ಸಿಮೆಂಟ್ ಶೀಟುಗಳಲ್ಲಿ ಕಲ್ನಾರಿನ ಬದಲು ಮರದ ನಾರು ಅಥವಾ ಪಿವಿಎ ಅನ್ನುವ ಪ್ಲಾಸ್ಟಿಕ್ ಎಳೆ ಹಾಕಿದ್ದೂ ಇದೆ. ನಲವತ್ತು ವರ್ಷ ಸರ್ ಬದಲಿ ಕೇಳಿದ್ದರು, ಅದು ಮತ್ತು ಲೋಹದ ಶೀಟು ಎರಡೂ ಬದಲಿಗಳೇ. ಆದರೆ ಅದನ್ನೂ ಒಣಗಿದ್ದಾಗಲೇ ಗ್ರೈಂಡರಿನಲ್ಲಿ ಕೊಯ್ಯಬೇಡಿ, ಅದರಿಂದ ಏಳುವ ಸಿಲಿಕಾ (ಮರಳಿನಲ್ಲಿರುವ ಖನಿಜ) ಧೂಳು ಬೇರೆ ರೀತಿ ಶ್ವಾಸಕೋಶ ಕೆಡಿಸುತ್ತೆ.

ಹಳೇಸೂರು:

ಎರಡನೇ ಮಗಳು ಅಕ್ಕ, ನೀವು ಬರೆದದ್ದನ್ನು ಹೆಂಡತಿಗೂ ಓದಿ ಹೇಳಿದೆ. ಸುತ್ತಿಗೆ ಯೋಚನೆ ಬಿಟ್ಟೆ. ಮಗಳನ್ನು ಆ ಕಡೆ ಬಿಡುತ್ತಿಲ್ಲ. ಮೇಸ್ತ್ರಿ ಸರ್, ಹಾಗಾದರೆ ಹೇಗೆ ತೆಗೆಯಬೇಕು? ಮೇಲೆ ಬಣ್ಣ ಬಳಿದು ಹಾಗೇ ಬಿಟ್ಟರೆ ನಡೆಯುತ್ತಾ?

ಸೈಟ್ ಮೇಸ್ತ್ರಿ:

ಶೀಟು ಗಟ್ಟಿ ಇದ್ದಿದ್ದರೆ ಬಿಟ್ಟುಬಿಡಿ ಅನ್ನುತ್ತಿದ್ದೆ. ಎಷ್ಟೋ ಸಲ ಅದೇ ಸರಿ, ತೆಗೆಯಲು ಹೋಗಿಯೇ ಧೂಳು ಎಬ್ಬಿಸುತ್ತಾರೆ. ಲೇಪ ಹಚ್ಚಿ ಕಾಪಾಡಬಹುದು. ಆದರೆ ಬಣ್ಣಕ್ಕೆ ಮೊದಲು ಪಾಚಿ ತೆಗೆಯಲು ಬ್ರಷ್ ಹಾಕಿ ಉಜ್ಜುವುದು, ಜೋರು ಒತ್ತಡದ ನೀರು ಬಿಡುವುದು ಎರಡೂ ತಪ್ಪು, ಮೇಲಿನ ಸಿಮೆಂಟು ಕಿತ್ತು ನಾರು ಎದ್ದುಬರುತ್ತೆ. ನಿಮ್ಮದು ಬಿರುಕು ಬಿಟ್ಟಿದೆ, ಮೂಲೆ ಮುರಿದಿದೆ. ತೆಗೆಸುವುದೇ ಒಳ್ಳೆಯದು.

ಇದಕ್ಕೆ ತರಬೇತಿ ಪಡೆದು ಪರವಾನಗಿ ಇಟ್ಟುಕೊಂಡವರು ಸಿಕ್ಕರೆ ಅವರಿಂದಲೇ ಮಾಡಿಸಿ. ಅವರು ಸರಿಯಾಗಿ ಮಾಡುತ್ತಿದ್ದಾರಾ ಅಂತ ನೋಡಲು ನಿಮಗೆ ಗೊತ್ತಿರಲಿ ಅಂತ ಬರೆಯುತ್ತೇನೆ. ಮೊದಲು ಬೀಳುವ ಅಪಾಯ. ಹಳೇ ಶೀಟು ಮನುಷ್ಯನ ಭಾರ ತಡೆಯಲ್ಲ, ನೋಡಲು ಗಟ್ಟಿ ಇದ್ದರೂ ಕಾಲಿಟ್ಟ ತಕ್ಷಣ ಕುಸಿಯುತ್ತೆ. ಕ್ಯಾನ್ಸರಿಗೆ ವರ್ಷಗಳು ಬೇಕು, ಇದಕ್ಕೆ ಒಂದು ಹೆಜ್ಜೆ ಸಾಕು. ನನ್ನ ಜೊತೆಯವನೊಬ್ಬ ಹಾಗೇ ಬಿದ್ದು ಸೊಂಟ ಮುರಿದುಕೊಂಡ. ಅಟ್ಟಣೆ ಕಟ್ಟಿ ಕೆಳಗಿನಿಂದ, ಪಕ್ಕದಿಂದ ಕೆಲಸ ಮಾಡಬೇಕು.

ಆಮೇಲೆ ನೀರು. ಸ್ವಲ್ಪ ಸೋಪು ಬೆರೆಸಿದ ನೀರನ್ನು ಮೆಲ್ಲಗೆ ಸಿಂಪಡಿಸಿ ಶೀಟನ್ನು ಒದ್ದೆ ಮಾಡಬೇಕು, ಕೆಲಸ ಮುಗಿಯುವವರೆಗೂ ಒಣಗಲು ಬಿಡಬಾರದು. ಬೋಲ್ಟು ಬಿಚ್ಚಿ ಇಡೀ ಶೀಟನ್ನೇ ಇಳಿಸಬೇಕು. ಬೋಲ್ಟು ತುಕ್ಕು ಹಿಡಿದಿದ್ದರೆ ಬೋಲ್ಟನ್ನೇ ಕತ್ತರಿಸಲಿ, ಶೀಟನ್ನಲ್ಲ. ಮೇಲಿನಿಂದ ಎಸೆಯುವುದು ಇಲ್ಲವೇ ಇಲ್ಲ. ಇಳಿಸಿದ್ದನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ಟೇಪು ಹಚ್ಚಿ, ಒಳಗೇನಿದೆ ಅಂತ ಮೇಲೆ ಬರೆಯಬೇಕು. ಉಳಿದ ಚೂರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಅದರೊಳಗೇ ಹಾಕಬೇಕು. ಪೊರಕೆ ಹಿಡಿಯಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಸಣ್ಣ ನಾರನ್ನು ಹಿಂದಿನಿಂದ ಊದಿ ಮನೆ ತುಂಬಾ ಹರಡುತ್ತೆ.

ಆಸ್ಪತ್ರೆಯ ನೀಲಿ ಮಾಸ್ಕ್ ಇದಕ್ಕೆ ಏನೂ ಸಾಲದು. ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯದ್ದು ಬೇಕು, ಮುಖಕ್ಕೆ ಅಂಟಿ ಕೂರಬೇಕು, ಗಡ್ಡ ಇದ್ದರೆ ಸಂದಿಯಲ್ಲಿ ಗಾಳಿ ನುಸುಳುತ್ತೆ. ಬಟ್ಟೆಯ ಮೇಲೆ ಬಿಸಾಡುವಂಥ ಮೇಲಂಗಿ.

ಅಂಗಳದ ತಗ್ಗಿಗೆ ತುಂಬುವ ಯೋಚನೆ ಪೂರ್ತಿ ಬಿಡಿ. ಮಣ್ಣಿನೊಳಗೆ ನಾರು ಕರಗಿ ಹೋಗಲ್ಲ. ಹತ್ತು ವರ್ಷದ ಮೇಲೆ ಯಾರೋ ಅಗೆಯುತ್ತಾರೆ. ಇಂಥ ಕಸ ತೆಗೆದುಕೊಳ್ಳುವ ಅಧಿಕೃತ ಜಾಗಕ್ಕೇ ಹೋಗಬೇಕು. ಮತ್ತೆ, ಶೆಡ್ಡಿನ ಸೂರಂಚಿನ ನೀರು ದೋಣಿಯಲ್ಲಿ ಕೆಸರು ನಿಂತಿರುತ್ತಲ್ಲ, ವರ್ಷಗಟ್ಟಲೆ ಮಳೆಗೆ ಸವೆದ ನಾರು ಅಲ್ಲೇ ಕೂತಿರುತ್ತೆ. ಒಣಗುವ ಮೊದಲು ಹಸಿಯಾಗಿಯೇ ತೆಗೆದು ಕಟ್ಟಿಸಿ.

ಗಿಡದ ನೀರು:

ನಡುವೆ ಕೇಳುತ್ತಿದ್ದೇನೆ, ನಮ್ಮಲ್ಲಿ ಕುಡಿಯುವ ನೀರು ಬರುವುದೇ ಹಳೇ ಆಸ್ಬೆಸ್ಟಾಸ್ ಸಿಮೆಂಟ್ ಪೈಪಿನಲ್ಲಿ. ಭಯ ಆಗ್ತಿದೆ.

ಲ್ಯಾಬ್ ಕಿಟಕಿ:

ಕುಡಿದ ನೀರಿನಿಂದ ಕ್ಯಾನ್ಸರ್ ಬರುತ್ತೆ ಅನ್ನೋದಕ್ಕೆ ನಂಬುವಂಥ ಪುರಾವೆ ಸಿಕ್ಕಿಲ್ಲ. ಅಪಾಯ ಇರೋದು ಉಸಿರಿನಲ್ಲಿ. ಆ ಪೈಪನ್ನು ರಿಪೇರಿಗೆ ಅಂತ ಒಣಗಿದ್ದಾಗಲೇ ಕೊಯ್ಯುವವನ ಬಗ್ಗೆ ನನಗೆ ಜಾಸ್ತಿ ಚಿಂತೆ.

ಹಳೇಸೂರು:

ಎಲ್ಲರಿಗೂ ತಿಳಿಸಬೇಕಿತ್ತು. ತರಬೇತಿ ಆದ ತಂಡ ಸಿಕ್ಕಿತು, ಮುಂದಿನ ವಾರ ಬರುತ್ತಾರೆ. ಮುರಿದ ಮೂಲೆಯ ಚೂರನ್ನು ಒದ್ದೆ ಮಾಡಿ ಸುತ್ತಿಟ್ಟಿದ್ದೇವೆ, ಶೆಡ್ಡಿನ ಸುತ್ತ ಹಗ್ಗ ಕಟ್ಟಿದ್ದೇನೆ.

ಕೆಲಸಕ್ಕೆ ಹೇಳಿದ್ದ ಇಬ್ಬರು ಹುಡುಗರನ್ನು ಕರೆದು ಯಾಕೆ ಬೇಡ ಅಂದೆ ಅಂತ ವಿವರಿಸಿದೆ. ಚಿಕ್ಕವನಿಗೆ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, ಹೋದ ತಿಂಗಳು ಎರಡು ದಿನ ಇಂಥದ್ದೇ ಒಡೆದೆವಲ್ಲ, ಅದು?" ಅಂದ. ನನಗೆ ಉತ್ತರ ಬರಲಿಲ್ಲ. ನರ್ಸಮ್ಮ, ನೀವು ಹೇಳಿ. ಅವನಿಗೆ ಏನು ಹೇಳಲಿ?

ಬೆಳಗಿನ ಪಾಳಿ:

ಹೆದರಿಸಬೇಡಿ, ಮುಚ್ಚಿಡಲೂ ಬೇಡಿ. ಎರಡು ದಿನದ ಕೆಲಸದಿಂದ ಕಾಯಿಲೆ ಬರುವ ಸಾಧ್ಯತೆ ತುಂಬಾ ಕಡಿಮೆ. ಅಪಾಯ ಬೆಳೆಯೋದು ಮತ್ತೆ ಮತ್ತೆ ಕುಡಿದ ಧೂಳಿನಿಂದ. ಈಗಲೇ ಓಡಿಹೋಗಿ ಎಕ್ಸ್‌ರೇ ತೆಗೆಸಿದರೆ ಏನೂ ಕಾಣಲ್ಲ, ಸುಮ್ನೆ ದುಡ್ಡು ಖರ್ಚು. ಇನ್ನು ಮುಂದೆ ಒಣ ಶೀಟು ಒಡೆಯುವ ಕೆಲಸ ಒಪ್ಪಿಕೊಳ್ಳಬೇಡ ಅನ್ನಿ. ಎಲ್ಲಿ, ಯಾವಾಗ, ಎಷ್ಟು ದಿನ ಒಡೆದ ಅಂತ ಬರೆದಿಟ್ಟುಕೊಳ್ಳಲಿ, ಮುಂದೆ ಯಾವತ್ತಾದರೂ ಡಾಕ್ಟರ್ ಹತ್ತಿರ ಹೋದರೆ ಕೇಳದಿದ್ದರೂ ಹೇಳಲಿ. ಸಿಗರೇಟು ಸೇದುತ್ತಿದ್ದರೆ ಬಿಡಿಸಲು ನೀವು ಏನು ಮಾಡಬಹುದೋ ಮಾಡಿ, ಅವನ ಕೈಯಲ್ಲಿರುವ ದೊಡ್ಡ ಉಪಾಯ ಅದೇ.

ಆ ಎರಡು ದಿನ ಹಾಕಿದ್ದ ಬಟ್ಟೆ ಇನ್ನೂ ಒಗೆಯದೆ ಎಲ್ಲಾದರೂ ನೇತುಹಾಕಿದ್ದರೆ ಕೊಡವಬಾರದು, ಒದ್ದೆ ಮಾಡಿ ಕವರಿನಲ್ಲಿ ಕಟ್ಟಿ ಶೀಟಿನ ಜೊತೆ ಕಳಿಸಿಬಿಡಿ. ಮತ್ತೆ ಅವನ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು ಅಂತ ಕೇಳಿ, ಅವರಿಗೂ ಇದನ್ನೆಲ್ಲ ನೀವೇ ಹೋಗಿ ಹೇಳಿ.